33 ಜನರಲ್ಲಿ ಔಷಧ ನಾಟಿದ ಆ ಒಬ್ಬರು

ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದ್ದ 33 ಜನರಿಗೆ ಒಂದು ಹೊಸ ಔಷಧ ಕೊಟ್ಟರು. 32 ಜನರ ಗಡ್ಡೆ ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಒಬ್ಬರದು ಮಾತ್ರ ಪೂರ್ತಿ ಮಾಯವಾಯಿತು. ಮೂರು ವರ್ಷ ಕಳೆದರೂ ಮರಳಿ ಬರಲಿಲ್ಲ.

ಇಂಥ ಲೆಕ್ಕ ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಈ ರೋಗಕ್ಕೆ ಈ ಔಷಧ ಆಗಿಬರಲ್ಲ ಅಂತ ಫೈಲು ಮುಚ್ಚುತ್ತಾರೆ. ಒಬ್ಬರಿಗೆ ಗುಣವಾಗಿದ್ದು ಅದೃಷ್ಟ ಅನ್ನುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೆಲವರು ಮಾತ್ರ ಫೈಲು ಮುಚ್ಚಲಿಲ್ಲ. ಆ ಒಬ್ಬರ ಗಡ್ಡೆಯ ತುಣುಕನ್ನು ಮತ್ತೆ ತೆಗೆದು ನೋಡಿದರು. ಇವತ್ತು ಕರುಳಿನ ಕ್ಯಾನ್ಸರ್‌ನ ರಿಪೋರ್ಟ್‌ನಲ್ಲಿ ‘ಎಂಎಂಆರ್’ ಅಥವಾ ‘ಎಂಎಸ್‌ಐ’ ಅನ್ನೋ ಸಾಲಿಗೆ (ಡಿಎನ್‌ಎ ನಕಲಿನ ತಪ್ಪು ತಿದ್ದುವ ಜೀನ್ ಕೆಟ್ಟಿದೆಯಾ ಅಂತ ಹೇಳುವ ಸಾಲು ಅದು) ಇಷ್ಟು ಬೆಲೆ ಬಂದಿದ್ದರ ಹಿಂದೆ ಆ ಒಬ್ಬರ ಪ್ರಕರಣವಿದೆ.

ಆ ರೋಗಿಯ ಹೆಸರು ವೈದ್ಯಕೀಯ ವರದಿಗಳಲ್ಲಿ ಇಲ್ಲ, ನಮಗೂ ಬೇಡ. ಈ ಬರಹ ಅವರ ಗಡ್ಡೆಯ ಬಗ್ಗೆ.

ಮೊದಲು ಔಷಧ

ನಮ್ಮ ಮೈಯಲ್ಲಿ ಟಿ-ಕೋಶಗಳಿವೆ. ಸೋಂಕು ತಗುಲಿದ ಕೋಶ, ಕೆಟ್ಟುಹೋದ ಕೋಶ ಕಂಡರೆ ಕೊಲ್ಲುವುದು ಅವುಗಳ ಕೆಲಸ. ಆದರೆ ಅವು ಅತಿಯಾಗಿ ಎಗರಾಡಿದರೆ ನಮ್ಮದೇ ಅಂಗಗಳಿಗೆ ಏಟು ಬೀಳುತ್ತದೆ. ಅದಕ್ಕೇ ಟಿ-ಕೋಶದ ಮೇಲೆ ಪಿಡಿ-1 ಎಂಬ ತಡೆ ಇರುತ್ತದೆ. ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನ್ ಬಂದು ಅದಕ್ಕೆ ಅಂಟಿಕೊಂಡರೆ ಟಿ-ಕೋಶ ಸುಮ್ಮನಾಗುತ್ತದೆ. ಎಷ್ಟೋ ಗಡ್ಡೆಗಳು ಇದೇ ಪಿಡಿ-ಎಲ್1 ಅನ್ನು ಮುಂದಿಟ್ಟುಕೊಂಡು ಬಚಾವಾಗುತ್ತವೆ. ಆ ಅಂಟನ್ನು ಬಿಡಿಸುವ ಆ್ಯಂಟಿಬಾಡಿಯೇ ಈ ಔಷಧ. ಆಗ ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲ, ಎಂಡಿಎಕ್ಸ್-1106 ಅಂತ ನಂಬರಿತ್ತು. ಈಗ ಅದು ನಿವೊಲುಮಾಬ್.

ಮನುಷ್ಯರ ಮೇಲೆ ನಡೆದ ಮೊದಲ ಪ್ರಯೋಗದ ವರದಿ 2010ರಲ್ಲಿ ಬಂತು. ಬೇರೆ ಬೇರೆ ಕ್ಯಾನ್ಸರ್ ಇದ್ದ 39 ಜನರ ಲೆಕ್ಕ ಅದು. ಅದರಲ್ಲಿ ಗಡ್ಡೆ ಪೂರ್ತಿ ಮಾಯವಾಗಿದ್ದು ಒಬ್ಬರಿಗೆ, ಅದೂ ಕರುಳಿನ ಕ್ಯಾನ್ಸರ್ ಇದ್ದವರಿಗೆ. ಎಲ್ಲರಿಗೂ ಆಶ್ಚರ್ಯ. ಯಾಕೆಂದರೆ ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಅಂದರೆ ಆಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್ ಅಷ್ಟೇ. ಕರುಳಿನ ಮೇಲೆ ಯಾರೂ ಆಸೆ ಇಟ್ಟಿರಲಿಲ್ಲ.

2012ರಲ್ಲಿ ದೊಡ್ಡ ವರದಿ ಬಂತು, 296 ರೋಗಿಗಳದ್ದು. ಮೆಲನೋಮ, ಮೂತ್ರಪಿಂಡ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಔಷಧ ಚೆನ್ನಾಗಿಯೇ ನಾಟಿತ್ತು. ಕರುಳಿನ ಕ್ಯಾನ್ಸರ್‌ನ 19 ಜನರಲ್ಲಿ ಒಬ್ಬರಿಗೂ ನಾಟಿರಲಿಲ್ಲ. ಎರಡೂ ವರದಿ ಕೂಡಿಸಿದರೆ 33ಕ್ಕೆ 1.

ಆ ಒಂದು ಗಡ್ಡೆಯಲ್ಲಿ ಏನಿತ್ತು

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಒಂದು ಅನುಕೂಲ ಇತ್ತು. ಸುಜಾನ್ ಟೊಪಾಲಿಯನ್, ಡ್ರೂ ಪಾರ್ಡಾಲ್ ಅವರಂಥ ರೋಗನಿರೋಧಕ ಶಕ್ತಿಯ ತಜ್ಞರು ಇದ್ದ ಅದೇ ಕ್ಯಾಂಪಸ್ಸಿನಲ್ಲಿ ಬರ್ಟ್ ವೊಗೆಲ್‌ಸ್ಟೈನ್ ಅವರ ಕರುಳು ಕ್ಯಾನ್ಸರ್ ಜೀನ್‌ಗಳ ಪ್ರಯೋಗಾಲಯವೂ ಇತ್ತು. ಒಂದು ಕಡೆಯವರಿಗೆ ಟಿ-ಕೋಶ ಗೊತ್ತು, ಇನ್ನೊಂದು ಕಡೆಯವರಿಗೆ ಡಿಎನ್‌ಎ ಗೊತ್ತು. ಎರಡೂ ಕಡೆಯವರು ಕೂತು ಮಾತಾಡಿದಾಗ ಒಂದು ಅನುಮಾನ ಹುಟ್ಟಿತು. ಈ ಗಡ್ಡೆಯಲ್ಲಿ ತಪ್ಪು ತಿದ್ದುವ ಜೀನ್ ಕೆಟ್ಟಿರಬಹುದಾ?

ಪರೀಕ್ಷೆ ಮಾಡಿದರು. ಹೌದು, ಕೆಟ್ಟಿತ್ತು. 2013ರಲ್ಲಿ ಬಂದ ವರದಿಯಲ್ಲಿ ಇದೂ ಸೇರಿತು.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ವಿಷಯದ ಬೇರು ಇಲ್ಲೇ ಇದೆ. ಕೋಶ ಎರಡಾಗುವಾಗ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ಪೂರ್ತಿ ನಕಲಾಗಬೇಕು. ತಪ್ಪು ಆಗದೇ ಇರುತ್ತದಾ? ಆಗುತ್ತದೆ. ಪುಸ್ತಕದ ಕರಡು ತಿದ್ದುವವರ ಹಾಗೆ ಹಿಂದೆಯೇ ಓಡಾಡಿ ಆ ತಪ್ಪು ಸರಿಮಾಡುವ ಪ್ರೋಟೀನ್‌ಗಳಿವೆ. ಮುಖ್ಯವಾದವು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಇವುಗಳಲ್ಲಿ ಒಂದು ಕೈಕೊಟ್ಟರೂ ತಪ್ಪುಗಳು ಹಾಗೇ ಉಳಿಯುತ್ತವೆ. ಒಂದೇ ಅಕ್ಷರ ಸಾಲಾಗಿ ಬರುವ ಜಾಗದಲ್ಲಂತೂ ಲೆಕ್ಕ ತಪ್ಪುವುದು ಜಾಸ್ತಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಟಿಜಿಎಫ್‌ಬಿಆರ್2 ಅಂತ ಒಂದು ಜೀನ್ ಇದೆ. ಕರುಳಿನ ಒಳಪದರದ ಕೋಶ ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವ ಸಂದೇಶವನ್ನು ಇದು ಹಿಡಿಯುತ್ತದೆ. ಈ ಜೀನ್‌ನಲ್ಲಿ ಒಂದು ಕಡೆ ‘ಎ’ ಅಕ್ಷರ ಸಾಲಾಗಿ 10 ಸಲ ಬರುತ್ತದೆ. ನಕಲು ಮಾಡುವಾಗ ಅದು 9 ಆಗಿಬಿಟ್ಟರೆ? ಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರದ ಗುಂಪಾಗಿ ಓದುತ್ತದೆ. ಒಂದು ಅಕ್ಷರ ಬಿದ್ದುಹೋದರೆ ಅಲ್ಲಿಂದ ಮುಂದಿನ ಗುಂಪೆಲ್ಲ ಪಲ್ಲಟ. ಅರ್ಥವಿಲ್ಲದ ಬಾಲವೊಂದು ಅಂಟಿಕೊಂಡು ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಬೆಳವಣಿಗೆಗೆ ಇದ್ದ ಕಡಿವಾಣ ತಪ್ಪಿ ಕೋಶ ಗಡ್ಡೆಯ ದಾರಿ ಹಿಡಿಯುತ್ತದೆ. 1995ರಲ್ಲೇ ಇದು ಗೊತ್ತಾಗಿತ್ತು.

ಆದರೆ ಅದೇ ತಪ್ಪು ಗಡ್ಡೆಗೆ ತಿರುಗಿಯೂ ಹೊಡೆಯುತ್ತದೆ. ಆ ಅರ್ಥವಿಲ್ಲದ ಬಾಲ ನಮ್ಮ ಮೈಯಲ್ಲಿ ಹಿಂದೆಂದೂ ಇದ್ದಿದ್ದಲ್ಲ. ಟಿ-ಕೋಶಕ್ಕೆ ಅದು ಪರಕೀಯ. ಇಂಥ ಬಾಲಗಳು ನೂರಾರು ಇದ್ದರೆ ಯಾವುದಾದರೂ ಒಂದನ್ನು ಟಿ-ಕೋಶ ಗುರುತು ಹಿಡಿದೇ ಹಿಡಿಯುತ್ತದೆ. ಹಾಗಾಗಿ ಈ ಗಡ್ಡೆಗಳ ಒಳಗೆ ಟಿ-ಕೋಶಗಳು ಕಿಕ್ಕಿರಿದಿರುತ್ತವೆ. ಪೆಥಾಲಜಿಯವರಿಗೆ ಇದು ಹೊಸದಲ್ಲ. ಬಲಭಾಗದ ಕರುಳಿನ ಗಡ್ಡೆ, ಲೋಳೆ ಜಾಸ್ತಿ, ಅಂಚಿನಲ್ಲಿ ಬಿಳಿರಕ್ತಕಣಗಳ ಗುಂಪು ಅಂದರೆ ಇದೇ ಜಾತಿಯದಿರಬೇಕು ಅಂತ ಸೂಕ್ಷ್ಮದರ್ಶಕದಲ್ಲೇ ಅಂದಾಜು ಮಾಡುತ್ತಿದ್ದರು.

ಹಾಗಾದರೆ ಇಷ್ಟು ಟಿ-ಕೋಶ ಇದ್ದೂ ಗಡ್ಡೆ ಹೇಗೆ ಬೆಳೆಯಿತು? ಹಾಪ್ಕಿನ್ಸ್‌ನ ಇನ್ನೊಂದು ಅಧ್ಯಯನ 2015ರ ಹೊತ್ತಿಗೆ ಇದಕ್ಕೂ ಉತ್ತರ ಕೊಟ್ಟಿತು. ಈ ಗಡ್ಡೆಗಳಲ್ಲಿ ಪಿಡಿ-1, ಪಿಡಿ-ಎಲ್1, ಸಿಟಿಎಲ್‌ಎ-4, ಲ್ಯಾಗ್-3, ಐಡಿಒ ಹೀಗೆ ತಡೆಗಳ ಜೀನ್‌ಗಳೂ ಜೋರಾಗಿ ಕೆಲಸ ಮಾಡುತ್ತಿದ್ದವು. ಒಂದು ಕಡೆ ದಾಳಿ, ಅದೇ ಜಾಗದಲ್ಲಿ ತಡೆ. ತಡೆಯೊಂದನ್ನು ತೆಗೆದರೆ ದಾಳಿ ಗೆಲ್ಲಬಹುದು. ಉಳಿದ 32 ಗಡ್ಡೆಗಳಲ್ಲಿ ಬಹುಪಾಲಿನ ಕಥೆ ಬೇರೆಯೇ ಇದ್ದಿರಬೇಕು. ದಾಳಿ ಮಾಡುವವರೇ ಇಲ್ಲದ ಕಡೆ ತಡೆ ತೆಗೆದು ಏನು ಪ್ರಯೋಜನ?

ನನಗೆ ಈ ಪ್ರಕರಣದಲ್ಲಿ ತುಂಬ ಹಿಡಿಸುವುದು ಇದೇ. ಸಾವಿರಾರು ಜೀನ್‌ಗಳನ್ನು ಕಂಪ್ಯೂಟರಿಗೆ ಹಾಕಿ ಜಾಲಾಡಿ ಸಿಕ್ಕ ಗುರುತಲ್ಲ ಇದು. ಒಬ್ಬರಿಗೆ ಮಾತ್ರ ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕಿದ್ದು.

ಅನುಮಾನವನ್ನು ಪರೀಕ್ಷೆಗೆ ಇಟ್ಟಾಗ

ಒಬ್ಬರ ಕಥೆ ಸಾಕ್ಷಿಯಾಗುವುದಿಲ್ಲ. ಹಾಪ್ಕಿನ್ಸ್‌ನವರೇ ಆದ ಡಂಗ್ ಲೆ ಮತ್ತು ಲೂಯಿಸ್ ಡಯಾಜ್ ಪ್ರಯೋಗವೊಂದನ್ನು ಕಟ್ಟಿದರು. ಈ ಸಲ ಔಷಧ ಅದೇ ಜಾತಿಯ ಪೆಂಬ್ರೊಲಿಜುಮಾಬ್, ಮರ್ಕ್ ಕಂಪನಿಯದ್ದು. ಸಂಶೋಧನೆಯ ಹಣದಲ್ಲಿ ಒಂದು ಪಾಲು ಬಂದಿದ್ದು ‘ಸ್ವಿಮ್ ಅಕ್ರಾಸ್ ಅಮೆರಿಕ’ ಎಂಬ ಸಂಸ್ಥೆಯಿಂದ. ಜನ ಈಜಿ ಚಂದಾ ಎತ್ತುವ ಸಂಸ್ಥೆ ಅದು!

ಮೂರು ಗುಂಪು ಮಾಡಿದರು. ತಿದ್ದುವ ಜೀನ್ ಕೆಟ್ಟ ಕರುಳಿನ ಕ್ಯಾನ್ಸರ್, ತಿದ್ದುವ ಜೀನ್ ಸರಿಯಿರುವ ಕರುಳಿನ ಕ್ಯಾನ್ಸರ್, ತಿದ್ದುವ ಜೀನ್ ಕೆಟ್ಟ ಬೇರೆ ಅಂಗಗಳ ಕ್ಯಾನ್ಸರ್. 2015ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಮೊದಲ ಗುಂಪಿನಲ್ಲಿ 10ರಲ್ಲಿ 4 ಜನರ ಗಡ್ಡೆ ಕುಗ್ಗಿತು. ಎರಡನೆಯದರಲ್ಲಿ 18ಕ್ಕೆ ಸೊನ್ನೆ. ಮೂರನೆಯದರಲ್ಲಿ 7ರಲ್ಲಿ 5.

ಸಂಖ್ಯೆ ಚಿಕ್ಕದು, ನಿಜ. ಆದರೆ ಅಂತರ ನೋಡಿ. ಗಡ್ಡೆಗಳ ಡಿಎನ್‌ಎ ಓದಿದಾಗ ಕಾರಣವೂ ಕಂಡಿತು. ತಿದ್ದುವ ಜೀನ್ ಸರಿಯಿದ್ದ ಗಡ್ಡೆಯಲ್ಲಿ ಸರಾಸರಿ 73 ರೂಪಾಂತರ (ಡಿಎನ್‌ಎಯಲ್ಲಿ ಉಳಿದ ತಪ್ಪು), ಕೆಟ್ಟಿದ್ದರಲ್ಲಿ 1,782. ಮೂರನೇ ಗುಂಪಿನ ಫಲಿತಾಂಶ ಇನ್ನೊಂದು ವಿಷಯ ಹೇಳಿತು. ಗಡ್ಡೆ ಯಾವ ಅಂಗದಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಒಳಗೆ ಏನು ಕೆಟ್ಟಿದೆ ಅನ್ನುವುದು ಮುಖ್ಯವಾಗಬಹುದು.

2017ರ ಮೇ ತಿಂಗಳಲ್ಲಿ ಔಷಧಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಇದನ್ನು ಒಪ್ಪಿಕೊಂಡಿತು. ಐದು ಪ್ರಯೋಗಗಳ 149 ರೋಗಿಗಳು, 15 ಬಗೆಯ ಕ್ಯಾನ್ಸರ್, ಶೇ. 39.6 ಜನರಲ್ಲಿ ಗಡ್ಡೆ ಕುಗ್ಗಿತ್ತು. ಅಂಗ ಯಾವುದೇ ಇರಲಿ, ಈ ಗುರುತಿದ್ದರೆ, ಅಂದರೆ ತಿದ್ದುವ ಜೀನ್ ಕೆಟ್ಟಿದ್ದರೆ, ಔಷಧ ಕೊಡಬಹುದು ಅಂತ ಅನುಮತಿ ಸಿಕ್ಕಿತು. ಕ್ಯಾನ್ಸರ್ ಔಷಧದ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ಈ ಜೀನ್‌ಗಳ ಕಥೆಗೆ ಇನ್ನೂ ಹಳೆಯ ಬೇರಿದೆ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಆಲ್ಡ್ರೆಡ್ ವಾರ್ಥಿನ್ ಎಂಬ ಪೆಥಾಲಜಿಸ್ಟ್ ಹತ್ತಿರ, ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ ಸಾಯುವುದು, ನಾನೂ ಹಾಗೇ ಹೋಗುತ್ತೇನೆ ಅಂದಿದ್ದಳು. ಹಾಗೇ ಆಯಿತು, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಕ್ಯಾನ್ಸರ್‌ಗೆ ಬಲಿಯಾದಳು. ವಾರ್ಥಿನ್ ಆ ಮನೆತನದ ವಂಶವೃಕ್ಷ ಬರೆದಿಟ್ಟರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅಂಥ ಮನೆತನಗಳನ್ನು ಬೆನ್ನುಹತ್ತಿದರು. ಹೀಗೆ ವಂಶದಲ್ಲಿ ಬರುವ ಕ್ಯಾನ್ಸರ್ ಅಪಾಯಕ್ಕೆ ಇವತ್ತು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಕಾರಣ ಇದೇ ನಾಲ್ಕು ಜೀನ್‌ಗಳು ಅಂತ ಗೊತ್ತಾಗಿದ್ದು 1993ರಿಂದೀಚೆಗೆ.

ಗುರುತು ಸಿಕ್ಕಿತು, ಆದರೆ ಪೂರ್ತಿ ಅಲ್ಲ

ಇಲ್ಲಿವರೆಗಿನ ಕಥೆ ಕೇಳಿದರೆ ಗುರುತಿದ್ದವರೆಲ್ಲ ಬಚಾವ್ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ.

ಹರಡಿದ ಕರುಳಿನ ಕ್ಯಾನ್ಸರ್‌ಗೆ ಮೊದಲ ಚಿಕಿತ್ಸೆಯಾಗಿಯೇ ಪೆಂಬ್ರೊಲಿಜುಮಾಬ್ ಕೊಟ್ಟು ಕೀಮೋ ಜೊತೆ ಹೋಲಿಸಿದ ಪ್ರಯೋಗದ ಹೆಸರು ಕೀನೋಟ್-177. ಗುರುತು ಇರುವ 307 ಜನ ಅದರಲ್ಲಿದ್ದರು. 2020ರ ವರದಿಯಂತೆ ರೋಗ ಉಲ್ಬಣಿಸದೆ ಕಳೆದ ಕಾಲದ ಮಧ್ಯಮಾಂಕ ಕೀಮೋದಲ್ಲಿ 8.2 ತಿಂಗಳು, ಪೆಂಬ್ರೊಲಿಜುಮಾಬ್‌ನಲ್ಲಿ 16.5 ತಿಂಗಳು. ತೀವ್ರ ಅಡ್ಡಪರಿಣಾಮ ಕೀಮೋದಲ್ಲಿ ಶೇ. 66, ಇಲ್ಲಿ ಶೇ. 22. ಒಳ್ಳೆಯದೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಪೆಂಬ್ರೊಲಿಜುಮಾಬ್ ತೆಗೆದುಕೊಂಡವರಲ್ಲಿ ಶೇ. 29ರಷ್ಟು ಜನರಿಗೆ ಗಡ್ಡೆ ಒಂದು ಸಲವೂ ಜಗ್ಗಲಿಲ್ಲ, ನೇರ ಬೆಳೆಯುತ್ತಲೇ ಹೋಯಿತು. ಕೀಮೋದಲ್ಲಿ ಹಾಗಾಗಿದ್ದು ಶೇ. 12 ಮಾತ್ರ. ಗ್ರಾಫ್ ನೋಡಿದರೆ ಮೊದಲ ಕೆಲವು ತಿಂಗಳು ಕೀಮೋದ ಗೆರೆಯೇ ಮೇಲಿದೆ. ಆಮೇಲೆ ಎರಡೂ ಅಡ್ಡಹಾಯುತ್ತವೆ.

ಗುರುತು ಇದ್ದೂ ಯಾಕೆ ನಾಟಲಿಲ್ಲ? ಒಂದು ಉತ್ತರ ಫ್ರಾನ್ಸ್‌ನಿಂದ ಬಂತು, ಮತ್ತು ಅದು ಮುಜುಗರದ ಉತ್ತರ. 2019ರಲ್ಲಿ ಅಲ್ಲಿನ ತಂಡವೊಂದು ಇಮ್ಯುನೊಥೆರಪಿ ಪಡೆದ 38 ರೋಗಿಗಳ ಮಾದರಿ ಮರುಪರೀಕ್ಷೆ ಮಾಡಿತು. ಔಷಧ ಮೊದಲಿಂದಲೂ ನಾಟದೇ ಹೋದವರು 5 ಜನ. ಅವರಲ್ಲಿ 3 ಜನರಿಗೆ ಅಸಲಿಗೆ ಆ ಗುರುತೇ ಇರಲಿಲ್ಲ! ಪರೀಕ್ಷೆಯ ಫಲಿತಾಂಶ ತಪ್ಪಾಗಿತ್ತು. ಅಂದರೆ ಔಷಧ ಸೋತಿದ್ದಲ್ಲ, ಲ್ಯಾಬ್ ಸೋತಿದ್ದು.

ಹಾಗಾಗಿ ಈ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಗಡ್ಡೆಯ ತುಣುಕನ್ನು ಮೇಣದಲ್ಲಿ ಹೂತು, ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಇಟ್ಟು, ನಾಲ್ಕು ಪ್ರೋಟೀನ್‌ಗೆ ಒಂದೊಂದರಂತೆ ಬಣ್ಣ ಹಾಕುತ್ತಾರೆ. ಪ್ರೋಟೀನ್ ಇದ್ದರೆ ಕೋಶದ ನಡುವಿನ ನ್ಯೂಕ್ಲಿಯಸ್ ಕಂದು, ಇಲ್ಲದಿದ್ದರೆ ನೀಲಿ. ಪೆಥಾಲಜಿಸ್ಟ್ ಗಡ್ಡೆಯ ಕೋಶವನ್ನು ನೋಡುವ ಮೊದಲು ಪಕ್ಕದ ಬಿಳಿರಕ್ತಕಣಗಳನ್ನು ನೋಡುತ್ತಾರೆ. ಅವು ಗಡ್ಡೆಯವಲ್ಲ, ಮಾಮೂಲಿ ಕೋಶ, ಕಂದು ಇರಲೇಬೇಕು. ಅವೇ ನೀಲಿಯಾಗಿದ್ದರೆ ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ಅರ್ಥ. ಶಸ್ತ್ರಚಿಕಿತ್ಸೆ ಆದಮೇಲೆ ತುಣುಕನ್ನು ತಡಮಾಡಿ ಫಾರ್ಮಲಿನ್‌ಗೆ ಹಾಕಿದರೆ ಹೀಗಾಗಬಹುದು. ಬಿಳಿಕಣ ಕಂದು, ಅದರ ಪಕ್ಕದಲ್ಲೇ ಗಡ್ಡೆಯ ಗ್ರಂಥಿಗಳೆಲ್ಲ ನೀಲಿ. ಆ ದೃಶ್ಯ ಕಂಡಾಗ ಮಾತ್ರ ‘ಪ್ರೋಟೀನ್ ಇಲ್ಲ’ ಅಂತ ಬರೆಯಬಹುದು.

ಈ ನಾಲ್ಕರಲ್ಲಿ ಜೋಡಿಗಳಿವೆ. ಎಂಎಲ್‌ಎಚ್1 ಹೋದರೆ ಅದರ ಆಸರೆಯಲ್ಲಿರುವ ಪಿಎಂಎಸ್2 ಕೂಡ ಹೋಗುತ್ತದೆ. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಹೋಗುತ್ತದೆ. ಜೋಡಿ ಬಿಟ್ಟು ವಿಚಿತ್ರವಾಗಿ ಬಂದರೆ ಇನ್ನೊಂದು ಪರೀಕ್ಷೆ ಮಾಡುವುದು ಜಾಣತನ. ಅದು ಪಿಸಿಆರ್. ಬಿಎಟಿ-25, ಬಿಎಟಿ-26 ಮೊದಲಾದ ಜಾಗಗಳಲ್ಲಿ ‘ಎ’ ಅಕ್ಷರದ ಸಾಲಿನ ಉದ್ದ ಬದಲಾಗಿದೆಯಾ ಅಂತ ನೇರವಾಗಿ ಅಳೆಯುತ್ತಾರೆ. ಎಂಎಸ್‌ಐ ಅನ್ನುವುದು ಅದೇ. ಎರಡು ಪರೀಕ್ಷೆಯ ಉತ್ತರ ಒಂದೇ ಬಂದರೆ ಧೈರ್ಯವಾಗಿ ಮುಂದೆ ಹೋಗಬಹುದು. ಲಕ್ಷಗಟ್ಟಲೆ ಬೆಲೆಯ ಔಷಧ ಶುರುಮಾಡುವ ಮೊದಲು ಇಷ್ಟು ಖಾತ್ರಿ ಮಾಡಿಕೊಳ್ಳದೇ ಇರುವುದು ನನ್ನ ಪ್ರಕಾರ ಸರಿಯಲ್ಲ.

ತಪ್ಪು ಫಲಿತಾಂಶ ಬಿಟ್ಟರೂ ನಿಜವಾಗಿ ನಾಟದ ಗಡ್ಡೆಗಳು ಉಳಿಯುತ್ತವೆ. ಹಾಗಾಗಿ ಮೊದಲಿಂದಲೇ ಒಂದಲ್ಲ, ಎರಡು ತಡೆ ತೆಗೆದು ನೋಡಿದರು. ನಿವೊಲುಮಾಬ್ ಜೊತೆ ಸಿಟಿಎಲ್‌ಎ-4 ತಡೆಯುವ ಇಪಿಲಿಮುಮಾಬ್ ಸೇರಿಸಿದ ಚೆಕ್‌ಮೇಟ್-8ಎಚ್‌ಡಬ್ಲ್ಯು ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎರಡು ವರ್ಷ ಆದಾಗ ರೋಗ ಉಲ್ಬಣಿಸದೆ ಇದ್ದವರು ಶೇ. 72, ಕೀಮೋದಲ್ಲಿ ಶೇ. 14. ಇಲ್ಲಿ ಗಮನಿಸಬೇಕಾದ್ದು, ರೋಗಿಗಳ ಗುರುತನ್ನು ಕೇಂದ್ರ ಲ್ಯಾಬ್‌ನಲ್ಲಿ ಮತ್ತೊಮ್ಮೆ ಖಾತ್ರಿ ಮಾಡಿಕೊಂಡೇ ಈ ಲೆಕ್ಕ ಹಾಕಿದ್ದರು.

ಒಂದೇ ಗುರುತು, ಹಂತಕ್ಕೊಂದು ಅರ್ಥ

ಗೊಂದಲ ಜಾಸ್ತಿ ಇರುವುದು ಇಲ್ಲಿ. ಗುರುತು ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಡಬಹುದು. ಈ ರೋಗಿಯ ಮುಂದಿನ ದಿನಗಳು ಹೇಗಿರುತ್ತವೆ ಅನ್ನೋದು ಒಂದು. ಈ ಔಷಧ ನಾಟುತ್ತದಾ ಅನ್ನೋದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ಕಷ್ಟ.

ಎರಡನೇ ಹಂತದ ಕರುಳಿನ ಕ್ಯಾನ್ಸರ್ ತೆಗೆದುಕೊಳ್ಳಿ. ಗಡ್ಡೆ ಕರುಳಿನ ಗೋಡೆ ದಾಟಿದೆ, ದುಗ್ಧಗ್ರಂಥಿಗೆ ಹೋಗಿಲ್ಲ. ತಿದ್ದುವ ಜೀನ್ ಕೆಟ್ಟಿದ್ದರೆ ಅದು ಇಲ್ಲಿ ಒಳ್ಳೆಯ ಸುದ್ದಿ. ಟಿ-ಕೋಶಗಳು ಕಾವಲಿರುವುದರಿಂದ ರೋಗ ಮರುಕಳಿಸುವುದು ಕಡಿಮೆ. 5-ಎಫ್‌ಯು ಒಂದನ್ನೇ ಕೊಡುವ ಕೀಮೋದಿಂದ ಇವರಿಗೆ ಲಾಭವಿಲ್ಲ ಅಂತ 2003ರಿಂದಲೇ ವರದಿಗಳಿವೆ. ಹಾಗಾಗಿ ಬಹಳ ಸಲ ಕೀಮೋ ಬೇಡ ಅಂತಲೇ ನಿರ್ಧಾರ. ಅದೇ ಗುರುತು ನಾಲ್ಕನೇ ಹಂತದಲ್ಲಿದ್ದರೆ? ಟಿ-ಕೋಶದ ಕಾವಲು ಮುರಿದು ಹೊರಬಂದ ಗಡ್ಡೆ ಅದು. ಕೀಮೋದಲ್ಲಿ ಹೆಚ್ಚು ದಿನ ತಳ್ಳುವುದು ಕಷ್ಟ, ಆದರೆ ಪಿಡಿ-1 ಔಷಧಕ್ಕೆ ಬಾಗಿಲು ತೆರೆಯುತ್ತದೆ. ಎರಡನೇ ಹಂತದಲ್ಲಿ ಸುಮಾರು ಐದರಲ್ಲಿ ಒಂದು ಗಡ್ಡೆಗೆ ಈ ಗುರುತು ಇರುತ್ತದೆ, ನಾಲ್ಕನೇ ಹಂತದಲ್ಲಿ ಇಪ್ಪತ್ತರಲ್ಲಿ ಒಂದಕ್ಕೆ. ಈ ಅಂಕಿಯೇ ಹೇಳುತ್ತದೆ, ಇವು ಅಷ್ಟು ಸುಲಭಕ್ಕೆ ಹರಡುವ ಗಡ್ಡೆಗಳಲ್ಲ. ಮೊದಲ ಪ್ರಯೋಗಗಳ 33 ಜನರಲ್ಲಿ ಒಬ್ಬರು ಸಿಕ್ಕಿದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕಕ್ಕೆ ಕೂರುತ್ತದೆ.

ಮೊದಲ ಪ್ರಶ್ನೆಗೆ, ಅಂದರೆ ಮುಂದೇನು ಅನ್ನೋದಕ್ಕೆ, ಇನ್ನೊಂದು ದಾರಿ ಪ್ಯಾರಿಸ್‌ನ ಜೆರೋಮ್ ಗ್ಯಾಲೋನ್ ಅವರದ್ದು. 2006ರಲ್ಲಿ ಅವರ ತಂಡ ಒಂದು ಸರಳ ಮಾತು ಹೇಳಿತು: ಗಡ್ಡೆಯ ಒಳಗೆ ಮತ್ತು ಅಂಚಿನಲ್ಲಿ ಎಷ್ಟು ಟಿ-ಕೋಶ ಇದೆ ಅಂತ ಎಣಿಸಿ. ಜೀನ್ ಕೆಟ್ಟಿದೆಯೋ ಇಲ್ಲವೋ ಆಮೇಲೆ. ಸಿಡಿ3, ಸಿಡಿ8 ಎಂಬ ಎರಡೇ ಪ್ರೋಟೀನ್ ಬಣ್ಣ, ಎರಡೇ ಜಾಗ. ಇಮ್ಯುನೊಸ್ಕೋರ್ ಅಂತ ಹೆಸರಾಯಿತು. 2018ರಲ್ಲಿ 13 ದೇಶಗಳ 2,681 ರೋಗಿಗಳ ಲೆಕ್ಕ ಪ್ರಕಟವಾಯಿತು, ಭಾರತದ ಮಾದರಿಗಳೂ ಅದರಲ್ಲಿದ್ದವು. ಮೊದಲ ಗುಂಪಿನ ವಿಶ್ಲೇಷಣೆಯಲ್ಲಿ ಐದು ವರ್ಷದಲ್ಲಿ ರೋಗ ಮರುಕಳಿಸಿದ್ದು ಸ್ಕೋರ್ ಹೆಚ್ಚಿದ್ದವರಲ್ಲಿ ಶೇ. 8, ಮಧ್ಯದವರಲ್ಲಿ ಶೇ. 19, ಕಡಿಮೆಯಿದ್ದವರಲ್ಲಿ ಶೇ. 32. ಇಷ್ಟು ಸ್ಪಷ್ಟವಾದ ಗುರುತು ಇನ್ನೂ ಎಲ್ಲ ಆಸ್ಪತ್ರೆಗಳ ವಾಡಿಕೆಗೆ ಬಂದಿಲ್ಲ. ಮುಖ್ಯ ಕಾರಣ, ಸ್ಕೋರ್ ನೋಡಿ ಯಾವ ಔಷಧ ಬದಲಿಸಬೇಕು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ.

ಇನ್ನು ‘ರೋಗನಿರೋಧಕ ಜೀನ್ ಸಹಿ’ ಎಂಬ ಪ್ರಬಂಧಗಳ ಬಗ್ಗೆ. ಕಳೆದ ಹತ್ತು ವರ್ಷದಲ್ಲಿ ಇವು ರಾಶಿ ರಾಶಿ ಬಂದಿವೆ. ಬರೆಯುವ ರೀತಿ ಹೆಚ್ಚುಕಮ್ಮಿ ಒಂದೇ. ಟಿಸಿಜಿಎ ಎಂಬ ಸಾರ್ವಜನಿಕ ಭಂಡಾರದಿಂದ ಕರುಳಿನ ಗಡ್ಡೆಗಳ ದತ್ತಾಂಶ ಇಳಿಸಿಕೊಳ್ಳುವುದು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನ್‌ಗಳ ಪಟ್ಟಿ ಹಾಕುವುದು, ಕಂಪ್ಯೂಟರಿನಲ್ಲಿ ಜರಡಿ ಹಿಡಿದು ಐದೋ ಹತ್ತೋ ಜೀನ್ ಉಳಿಸಿಕೊಳ್ಳುವುದು, ರೋಗಿಗಳನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಅಂತ ಎರಡು ಪಾಲು ಮಾಡಿ ಗ್ರಾಫ್ ಬಿಡಿಸುವುದು. ಗ್ರಾಫ್ ಚೆನ್ನಾಗೇ ಬರುತ್ತದೆ. ಆದರೆ ಒಂದು ಪ್ರಬಂಧದ ಹತ್ತು ಜೀನ್ ಇನ್ನೊಂದರ ಹತ್ತರ ಜೊತೆ ಅಪರೂಪಕ್ಕೆ ಹೊಂದುತ್ತದೆ. ಎಷ್ಟೋ ಸಲ ಸುತ್ತಿ ಬಳಸಿ ಅಳೆಯುತ್ತಿರುವುದು ಅದೇ ಹಳೆಯ ವಿಷಯ, ಗಡ್ಡೆಯಲ್ಲಿ ಟಿ-ಕೋಶ ಇದೆಯಾ ಇಲ್ಲವಾ ಅಂತ. ಇನ್ನೂ ಒಂದು ತಕರಾರಿದೆ. ಟಿಸಿಜಿಎಯ ಕರುಳಿನ ಕ್ಯಾನ್ಸರ್ ವರದಿ ಬಂದಿದ್ದು 2012ರಲ್ಲಿ. ಆ ರೋಗಿಗಳ ಕಾಲಕ್ಕೆ ಪಿಡಿ-1 ಔಷಧ ಚಿಕಿತ್ಸೆಗೆ ಬಂದೇ ಇರಲಿಲ್ಲ. ಆ ದತ್ತಾಂಶ ಒಂದನ್ನೇ ಇಟ್ಟುಕೊಂಡು ‘ನಮ್ಮ ಸಹಿ ಇಮ್ಯುನೊಥೆರಪಿ ನಾಟುತ್ತದಾ ಅಂತ ಹೇಳುತ್ತದೆ’ ಅಂದರೆ ಅದು ಊಹೆ, ಸಾಕ್ಷಿ ಅಲ್ಲ.

ಎಲ್ಲವೂ ವ್ಯರ್ಥ ಅಂತಲ್ಲ. 2015ರಲ್ಲಿ ಹಲವು ತಂಡಗಳು ತಂತಮ್ಮ ಜೀನ್ ವರ್ಗೀಕರಣಗಳನ್ನು ಒಟ್ಟುಹಾಕಿ ಕರುಳಿನ ಕ್ಯಾನ್ಸರ್ ಅನ್ನು ಸಿಎಂಎಸ್1ರಿಂದ ಸಿಎಂಎಸ್4ರವರೆಗೆ ನಾಲ್ಕು ಬಗೆ ಮಾಡಿದ್ದು ಗಟ್ಟಿ ಕೆಲಸ. ಅದರಲ್ಲಿ ಸಿಎಂಎಸ್1 ಟಿ-ಕೋಶ ತುಂಬಿದ, ತಿದ್ದುವ ಜೀನ್ ಕೆಟ್ಟ ಗುಂಪು. ಅಲ್ಲೂ ಅದೇ ತಿರುವು ಕಂಡಿತು: ಒಮ್ಮೆ ಮರುಕಳಿಸಿದರೆ ಆಗಿನ ಚಿಕಿತ್ಸೆಗಳಲ್ಲಿ ಈ ಗುಂಪಿನವರು ಉಳಿಯುವುದು ತೀರ ಕಷ್ಟ.

ಗಡ್ಡೆ ಇನ್ನೂ ಹರಡದಿದ್ದಾಗ

ಔಷಧವನ್ನು ಇನ್ನೂ ಮೊದಲೇ ಕೊಟ್ಟರೆ? ನೆದರ್‌ಲೆಂಡ್ಸ್‌ನ ಮಿರಿಯಮ್ ಚಲಾಬಿ ತಂಡ ಈ ಗುರುತು ಇದ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೂ ಮುಂಚೆ ಕೆಲವೇ ವಾರ ಎರಡು ತಡೆ ತೆಗೆಯುವ ಔಷಧ ಕೊಟ್ಟಿತು. 2024ರಲ್ಲಿ ಪ್ರಕಟವಾದ ನಿಶ್-2 ಪ್ರಯೋಗದಲ್ಲಿ, ಕತ್ತರಿಸಿ ತೆಗೆದ ಕರುಳನ್ನು ನೋಡಿದಾಗ ಶೇ. 68 ಜನರಲ್ಲಿ ಒಂದೇ ಒಂದು ಜೀವಂತ ಕ್ಯಾನ್ಸರ್ ಕೋಶ ಇರಲಿಲ್ಲ.

ಗುದನಾಳದ ಕ್ಯಾನ್ಸರ್‌ನಲ್ಲಿ ಇದು ಇನ್ನೂ ದೊಡ್ಡ ವಿಷಯ. ಅಲ್ಲಿ ಶಸ್ತ್ರಚಿಕಿತ್ಸೆ, ರೇಡಿಯೇಶನ್ ಅಂದರೆ ಕೆಲವರಿಗೆ ಹೊಟ್ಟೆಯ ಮೇಲೆ ಚೀಲ, ಮಕ್ಕಳಾಗುವ ಶಕ್ತಿಗೆ ಪೆಟ್ಟು, ಮಲಮೂತ್ರದ ಹಿಡಿತ ತಪ್ಪುವುದು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಆ್ಯಂಡ್ರಿಯಾ ಸರ್ಸೆಕ್ ಮತ್ತು ಲೂಯಿಸ್ ಡಯಾಜ್ (ಅದೇ ಡಯಾಜ್, ಬಾಲ್ಟಿಮೋರ್‌ನಿಂದ ಅಲ್ಲಿಗೆ ಹೋಗಿದ್ದರು) ಡೊಸ್ಟಾರ್ಲಿಮಾಬ್ ಎಂಬ ಪಿಡಿ-1 ಔಷಧವನ್ನು ಆರು ತಿಂಗಳು ಕೊಟ್ಟು ನೋಡಿದರು. 2022ರಲ್ಲಿ 12ಕ್ಕೆ 12 ಜನರ ಗಡ್ಡೆ ಮಾಯ. 2025ರ ವರದಿಯಲ್ಲಿ ಚಿಕಿತ್ಸೆ ಮುಗಿಸಿದ 49ಕ್ಕೆ 49. ಶಸ್ತ್ರಚಿಕಿತ್ಸೆಯೂ ಇಲ್ಲ, ರೇಡಿಯೇಶನ್ನೂ ಇಲ್ಲ. 2022ರಲ್ಲಿ ನಮ್ಮಲ್ಲಿ ‘ಕ್ಯಾನ್ಸರ್‌ಗೆ ಔಷಧ ಸಿಕ್ಕಿತು’ ಅಂತ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತಲ್ಲ, ಅದು ಇದೇ. ಹರಿದಾಡಿದ ಸಂದೇಶಗಳಲ್ಲಿ ಬಿಟ್ಟುಹೋಗಿದ್ದು ಒಂದೇ ವಿಷಯ: ಆ ಎಲ್ಲರಿಗೂ ತಿದ್ದುವ ಜೀನ್ ಕೆಟ್ಟಿತ್ತು. ಉಳಿದ ಬಹುಪಾಲು ರೋಗಿಗಳಿಗೆ ಆ ಸುದ್ದಿ ಅನ್ವಯಿಸುತ್ತಿರಲಿಲ್ಲ.

ನಮ್ಮ ಊರಿನ ಮಟ್ಟಿಗೆ

ನಾಲ್ಕು ಪ್ರೋಟೀನ್‌ನ ಬಣ್ಣದ ಪರೀಕ್ಷೆ ಬೆಂಗಳೂರಿನಂಥ ಊರಿನಲ್ಲಿ ಹೊಸತೇನಲ್ಲ. ತೊಡಕಿರುವುದು ಔಷಧದ ಬೆಲೆಯಲ್ಲಿ. ಮುಂಬೈನ ಟಾಟಾ ಮೆಮೋರಿಯಲ್‌ನವರು ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ನಿವೊಲುಮಾಬ್ ಅನ್ನು ಬರೀ 20 ಮಿಲಿಗ್ರಾಂ ಕೊಟ್ಟರೂ ಲಾಭವಿದೆ ಅಂತ 2022ರಲ್ಲಿ ತೋರಿಸಿದರು. ಮಾಮೂಲಿ ಡೋಸ್ 240 ಮಿಲಿಗ್ರಾಂ. ಆದರೆ ಅದು ಬೇರೆ ಕ್ಯಾನ್ಸರ್, ಕೀಮೋ ಮಾತ್ರೆಗಳ ಜೊತೆ ಕೊಟ್ಟಿದ್ದು. ಕರುಳಿಗೆ ಹಾಗೇ ಎತ್ತಿ ಅನ್ವಯಿಸಲು ಬರುವುದಿಲ್ಲ.

ಗುರುತು ಸಿಕ್ಕರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದು ಮನೆಯವರದ್ದು. ಗಡ್ಡೆಯಲ್ಲಿ ಎಂಎಲ್‌ಎಚ್1 ಇಲ್ಲ ಅಂದರೆ ಬಹಳ ಸಲ ವಯಸ್ಸಾದ ಮೇಲೆ ಆ ಜೀನ್ ತಾನಾಗಿ ಮುಚ್ಚಿಕೊಂಡಿರುತ್ತದೆ, ವಂಶದ್ದಲ್ಲ. ಬಿಆರ್‌ಎಎಫ್ ಜೀನ್‌ನ ಒಂದು ನಿರ್ದಿಷ್ಟ ರೂಪಾಂತರ ಗಡ್ಡೆಯಲ್ಲಿ ಕಂಡರೆ ಹಾಗೇ ಅಂದುಕೊಳ್ಳಬಹುದು. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಇಲ್ಲದಿದ್ದರೆ ಲಿಂಚ್ ಇರಬಹುದೆಂಬ ಅನುಮಾನ ಬಲವಾಗುತ್ತದೆ, ರಕ್ತದಲ್ಲಿ ಜೀನ್ ಪರೀಕ್ಷೆ ಬೇಕು. ಲಿಂಚ್ ಅಂತ ಖಚಿತವಾದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಪ್ರತಿಯೊಬ್ಬರಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ ಚಿಕ್ಕ ವಯಸ್ಸಿನಿಂದಲೇ ಕೊಲೊನೊಸ್ಕೋಪಿ. ನಮ್ಮಲ್ಲಿ ಸೋದರಮಾವ, ಸೋದರತ್ತೆ ಮಗ ಅಂತ ಸಂಬಂಧದೊಳಗೇ ಮದುವೆ ಇನ್ನೂ ನಡೆಯುತ್ತವೆ. ಅಂಥ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇದ್ದರೆ ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬರಬಹುದು. ಅದು ಲಿಂಚ್‌ಗಿಂತ ತೀವ್ರ. ಮಿದುಳು, ರಕ್ತ, ಕರುಳಿನ ಕ್ಯಾನ್ಸರ್ ಬಾಲ್ಯದಲ್ಲೇ ಬರುವ ಅಪರೂಪದ ಕಾಯಿಲೆ. ಹಾಲುಕಾಫಿ ಬಣ್ಣದ ಮಚ್ಚೆ ಅದರ ಒಂದು ಲಕ್ಷಣ.

ಕೊನೆಗೆ ಒಂದು ವಿಷಯ, ಮುಖ್ಯವಾಗಿ ಗುದನಾಳದ ಕ್ಯಾನ್ಸರ್ ಇರುವವರಿಗೆ. ಪರೀಕ್ಷೆಯನ್ನು ಮೊದಲ ಬಯಾಪ್ಸಿ ತುಣುಕಿನ ಮೇಲೇ ಮಾಡಿಸಿ. ರೇಡಿಯೇಶನ್, ಕೀಮೋ ಆದಮೇಲೆ ತೆಗೆದ ಗಡ್ಡೆಯಲ್ಲಿ ಎಂಎಸ್‌ಎಚ್6 ಬಣ್ಣ ಮಂಕಾಗಿ, ಗುರುತು ಇಲ್ಲದವರಿಗೂ ಇದೆ ಅನ್ನಿಸುವ ಹಾಗೆ ಕಾಣಬಹುದು. ಚಿಕಿತ್ಸೆ ಆಗಲೇ ಶುರುವಾಗಿದ್ದರೂ ಚಿಂತೆಯಿಲ್ಲ. ಮೇಣದ ಬ್ಲಾಕ್ ಸಾಮಾನ್ಯವಾಗಿ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ. ಅದನ್ನು ಕೇಳಿ ಪಡೆದು ಪರೀಕ್ಷೆಗೆ ಕಳಿಸಬಹುದು.